ಗೋವಿನಜೋಳ ಬಂದಿತು, ಸುಣ್ಣ ಬರಲಿಲ್ಲ

ಕಳೆದ ಮಳೆಗಾಲದಲ್ಲಿ ನಮ್ಮ ಖೋಲಿಯ ಮಿತ್ರರೊಬ್ಬರಿಗೆ ಬಾಯಿಯ ಎರಡೂ ಮೂಲೆಗಳು ಒಡೆದು, ನಾಲಗೆ ಕೆಂಪಾಗಿ, ಖಾರ ತಾಕಿದರೆ ಕಣ್ಣಲ್ಲಿ ನೀರು ಬರುವಂತಾಯಿತು. ಅಂಗಡಿಯಿಂದ ಮುಲಾಮು ತಂದು ಹಚ್ಚಿದ್ದಾಯಿತು, ಗುಣ ಕಾಣಲಿಲ್ಲ. ಕೊನೆಗೆ ದವಾಖಾನೆಗೆ ಕರೆದುಕೊಂಡು ಹೋದೆವು. ವೈದ್ಯರು ನಾಲಗೆ ನೋಡಿದ ಮೇಲೆ ಕೇಳಿದ ಮೊದಲ ಪ್ರಶ್ನೆ, ದಿನವೂ ಊಟಕ್ಕೆ ಏನು ಎಂಬುದು. ಜೋಳದ ರೊಟ್ಟಿ, ಉಪ್ಪಿನಕಾಯಿ, ಚಹಾ ಎಂದು ಮಿತ್ರರು ಹೇಳಿದರು. ಮತ್ತೇನು ಎಂದು ವೈದ್ಯರು ಮೂರು ಸಲ ಕೇಳಿದರು. ಮತ್ತೇನೂ ಇರಲಿಲ್ಲ.

ಗುಳಿಗೆ ಬರೆದುಕೊಟ್ಟರು, ಊಟ ಸುಧಾರಿಸಿಕೊಳ್ಳಿ ಎಂದೂ ಹೇಳಿದರು. ಹಿಂತಿರುಗುವಾಗ ಮಿತ್ರರು ಕೇಳಿದ ಮಾತು ಮಾತ್ರ ನಮ್ಮನ್ನು ಬಿಡಲಿಲ್ಲ: "ಊರಲ್ಲೂ ನಾವು ಇದೇ ರೊಟ್ಟಿ ತಿಂದು ಬೆಳೆದವರಲ್ಲವೇನ್ರೀ? ಅಲ್ಲಿ ಆಗದ್ದು ಇಲ್ಲಿ ಯಾಕಾಯಿತು?" ನಾವು ಮೆಟ್ರಿಕ್ ವರೆಗೆ ಓದಿದವರು, ವೈದ್ಯರಲ್ಲ. ಆದರೂ ವಾಚನಾಲಯದಲ್ಲಿ ಕುಳಿತು ಈ ವಿಷಯವನ್ನು ಓದುತ್ತ ಹೋದಾಗ ಅದು ನಮ್ಮನ್ನು ಮೆಕ್ಸಿಕೊ ದೇಶದ ಅಡುಗೆಮನೆಯವರೆಗೆ ಕರೆದೊಯ್ದಿತು. ಅಲ್ಲಿಂದಲೇ ಪ್ರಾರಂಭಿಸೋಣ.

ನಮ್ಮಲ್ಲಿ ಕೆಲವರು ಗೋವಿನಜೋಳವೆಂದೂ ಕೆಲವರು ಮುಸುಕಿನ ಜೋಳ, ಮೆಕ್ಕೆಜೋಳವೆಂದೂ ಕರೆಯುವ ಧಾನ್ಯದ ತವರು ಮೆಕ್ಸಿಕೊ. ಅಲ್ಲಿಯ ಜನರಿಗೆ ಅದೇ ಅನ್ನ, ಅದೇ ರೊಟ್ಟಿ. ಆದರೆ ಅವರು ಒಣಗಿದ ಕಾಳನ್ನು ನೇರವಾಗಿ ಬೀಸುವುದಿಲ್ಲ. ನೀರಿಗೆ ಸ್ವಲ್ಪ ಸುಣ್ಣ ಕದಡಿ, ಅದರಲ್ಲಿ ಕಾಳನ್ನು ಕುದಿಸಿ, ರಾತ್ರಿಯೆಲ್ಲ ನೆನೆಯಲು ಬಿಡುತ್ತಾರೆ. ನೂರು ಪಾಲು ಕಾಳಿಗೆ ಸುಮಾರು ಒಂದು ಪಾಲು ಸುಣ್ಣ ಸಾಕು. ಕೆಲವೆಡೆ ಸುಣ್ಣದ ಬದಲು ಕಟ್ಟಿಗೆಯ ಬೂದಿ. ಬೆಳಗಿಗೆ ಕಾಳಿನ ಸಿಪ್ಪೆ ಸಡಿಲವಾಗಿರುತ್ತದೆ. ಚೆನ್ನಾಗಿ ತೊಳೆದು, ಒದ್ದೆಯಾಗಿರುವಾಗಲೇ ಕಲ್ಲಿನ ಮೇಲೆ ಅರೆದು, ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಹಂಚಿನ ಮೇಲೆ ಬೇಯಿಸುತ್ತಾರೆ. ಇದಕ್ಕೆ ಟೋರ್ಟಿಯಾ ಎಂದು ಹೆಸರು. ಹೀಗೆ ಸುಣ್ಣದಲ್ಲಿ ಬೆಂದ ಕಾಳಿಗೆ ಅವರ ಹಳೆಯ ಭಾಷೆಯಲ್ಲಿ ನಿಶ್ತಮಾಲ್ ಎನ್ನುತ್ತಾರೆ. ನಾವಂತೂ ಸುಣ್ಣವನ್ನು ಎಲೆಯಡಿಕೆಗೂ ತಂಬಾಕಿಗೂ ಮಾತ್ರ ಬಲ್ಲೆವು.

ಅವರು ಸುಣ್ಣ ಹಾಕಿದ್ದು ಪುಸ್ತಕ ಓದಿ ಅಲ್ಲ. ಸುಣ್ಣವಿಲ್ಲದಿದ್ದರೆ ಸಿಪ್ಪೆ ಬಿಡುವುದಿಲ್ಲ, ಹಿಟ್ಟು ಅಂಟಿ ನಿಲ್ಲುವುದಿಲ್ಲ, ತಟ್ಟಿದರೆ ಒಡೆಯುತ್ತದೆ. ನಮ್ಮ ತಾಯಂದಿರು ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುತ್ತಿದ್ದುದೂ ಇಂಥದೇ ಅನುಭವದಿಂದ. ಆದರೆ ಸುಣ್ಣ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತಿತ್ತು. ಗೋವಿನಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವ ಇದೆ. ಆದರೆ ಅದು ಬಿಗಿಯಾಗಿ ಕಟ್ಟಿಹಾಕಿದಂತೆ ಇರುವುದರಿಂದ ನಮ್ಮ ಕರುಳಿಗೆ ದಕ್ಕುವುದಿಲ್ಲ. ಸುಣ್ಣದಲ್ಲಿ ಬೆಂದಾಗ ಆ ಕಟ್ಟು ಬಿಚ್ಚುತ್ತದೆ. ಜೊತೆಗೆ ಅವರು ತಟ್ಟೆಯಲ್ಲಿ ಬೇಯಿಸಿದ ಹುರುಳಿ ಜಾತಿಯ ಕಾಳು, ಕುಂಬಳ, ಮೆಣಸಿನಕಾಯಿಗಳನ್ನೂ ಇಟ್ಟುಕೊಳ್ಳುತ್ತಿದ್ದರು.

1492ರಲ್ಲಿ ಕೊಲಂಬಸ್ ಅಮೇರಿಕೆಯನ್ನು ತಲುಪಿದ ಮೇಲೆ ಗೋವಿನಜೋಳ ಹಡಗು ಹತ್ತಿ ಯುರೋಪಿಗೆ ಬಂದಿತು. ಬೀಜ ಬಂದಿತು, ಬೆಳೆ ಬಂದಿತು, ಸುಣ್ಣ ಬರಲಿಲ್ಲ. ಅಡುಗೆಯ ವಿಧಾನ ತಿಳಿದಿದ್ದ ಹೆಂಗಸರನ್ನು ಯಾರೂ ಕೇಳಲಿಲ್ಲವೆಂದು ತೋರುತ್ತದೆ. ಸ್ಪೇನಿನಲ್ಲಿ, ಇಟಲಿಯಲ್ಲಿ ಬಡ ರೈತರು ಅದನ್ನು ಗೋದಿಯಂತೆ ಬೀಸಿ, ಗಂಜಿ ಅಂಬಲಿ ಕಾಯಿಸಿ, ವರ್ಷವಿಡೀ ಅದನ್ನೇ ಉಂಡರು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಅವರಲ್ಲಿ ಒಂದು ಹೊಸ ರೋಗವನ್ನು ಗುರುತಿಸಿದನು. ಬಿಸಿಲು ತಾಕುವ ಕೈ, ಕಾಲು, ಕುತ್ತಿಗೆಯ ಚರ್ಮ ಕೆಂಪೇರಿ ಒಡೆಯುವುದು. ಬಾಯಿ ಹುಣ್ಣು, ಭೇದಿ. ಆಮೇಲೆ ಬುದ್ಧಿಭ್ರಮೆ, ಕೊನೆಗೆ ಮರಣ. 1771ರಲ್ಲಿ ಇಟಲಿಯ ಫ್ರಾಪೊಲ್ಲಿ ಎಂಬ ವೈದ್ಯ ಇದಕ್ಕೆ ಪೆಲ್ಲಾಗ್ರ ಎಂಬ ಹೆಸರನ್ನು ಬಳಸಿದನು. ಒರಟು ಚರ್ಮ ಎಂಬುದು ಅದರ ಅರ್ಥ.

ಇನ್ನು ಮುಂದಿನ ಭಾಗವನ್ನು ನಮ್ಮಂಥ ಮಿಲ್ಲಿನವರು ವಿಶೇಷವಾಗಿ ಗಮನಿಸಬೇಕು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇದೇ ರೋಗ ಅಮೇರಿಕೆಯ ದಕ್ಷಿಣ ರಾಜ್ಯಗಳಲ್ಲಿ ಹಬ್ಬಿತು. ಹತ್ತಿಯ ಮಿಲ್ಲುಗಳ ಕೂಲಿಕಾರರು ತಿನ್ನುತ್ತಿದ್ದುದು ಗೋವಿನಜೋಳದ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿ, ಇಷ್ಟೇ. ಇದು ಅಂಟುರೋಗವೆಂದು ದೊಡ್ಡ ದೊಡ್ಡ ವೈದ್ಯರೇ ಹೇಳುತ್ತಿದ್ದರು. ಸರಕಾರದ ಆರೋಗ್ಯ ಇಲಾಖೆ 1914ರಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರನ್ನು ಈ ಕೆಲಸಕ್ಕೆ ಕಳುಹಿಸಿತು. ಅವರು ಹುಚ್ಚಾಸ್ಪತ್ರೆಗಳಿಗೂ ಅನಾಥಾಲಯಗಳಿಗೂ ಹೋಗಿ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ರೋಗ ಅಲ್ಲಿ ಇರಿಸಿದವರಿಗೆ ಬರುತ್ತಿತ್ತು, ಅವರ ಮಧ್ಯೆಯೇ ಓಡಾಡುವ ದಾದಿಯರಿಗೂ ನೌಕರರಿಗೂ ಬರುತ್ತಿರಲಿಲ್ಲ. ಅಂಟುರೋಗಕ್ಕೆ ಸಂಬಳದ ಪಟ್ಟಿ ನೋಡುವ ಅಭ್ಯಾಸ ಉಂಟೇ? ಅವರು ಅನಾಥಾಲಯದ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿದರು. ರೋಗ ಮಾಯವಾಯಿತು. 1915ರಲ್ಲಿ ಮಿಸಿಸಿಪ್ಪಿಯ ಸೆರೆಮನೆಯ ಹೊಲದಲ್ಲಿ, ಬಿಡುಗಡೆಯ ಭರವಸೆಯ ಮೇಲೆ ತಾವಾಗಿ ಒಪ್ಪಿದ ಕೈದಿಗಳಿಗೆ ಬಡವರ ಆ ಊಟವನ್ನೇ ತಿಂಗಳುಗಟ್ಟಲೆ ಹಾಕಿಸಿದರು. ಹನ್ನೊಂದು ಮಂದಿಯಲ್ಲಿ ಆರು ಮಂದಿಗೆ ರೋಗದ ಚಿಹ್ನೆ ಬಂದಿತು. ಅದರ ಮೇಲೂ ನಂಬದವರಿದ್ದುದರಿಂದ 1916ರಲ್ಲಿ ಗೋಲ್ಡ್‌ಬರ್ಗರ್ ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು. ಅವರ ಪತ್ನಿಯೂ ಹಾಗೆಯೇ ಮಾಡಿದರು. ಯಾರಿಗೂ ರೋಗ ತಗಲಲಿಲ್ಲ.

ಅದೇ ವರ್ಷ ಅವರೂ ಸಿಡೆನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞರೂ ಸೌತ್ ಕೆರೊಲಿನಾದ ಏಳು ಮಿಲ್ಲು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ವರಮಾನವೆಷ್ಟು, ಊಟವೇನು ಎಂದು ಬರೆದುಕೊಳ್ಳತೊಡಗಿದರು. ವರಮಾನ ಕಡಿಮೆಯಾದಂತೆ ರೋಗ ಹೆಚ್ಚಾಗಿತ್ತು. ಆದರೆ ಕೂಲಿ ಒಂದೇ ತೆರನಾಗಿದ್ದ ಹಳ್ಳಿಗಳಲ್ಲಿಯೂ ವ್ಯತ್ಯಾಸ ಕಂಡಿತು. ಸುತ್ತಲಿನ ರೈತರು ಹಾಲು, ತರಕಾರಿ ತಂದು ಮಾರುತ್ತಿದ್ದ ಕಡೆ ರೋಗ ಕಡಿಮೆ. ಮನೆಯ ಬಾಗಿಲವರೆಗೂ ಹತ್ತಿಯ ಹೊಲವೇ ಇದ್ದು, ಮಿಲ್ಲಿನ ಅಂಗಡಿಯ ಸಾಮಾನೇ ಗತಿಯಾಗಿದ್ದ ಕಡೆ ಹೆಚ್ಚು. ಆ ಕೊರತೆ ನಯಾಸಿನ್ನಿನದೆಂದು 1937ರಲ್ಲಿ ಎಲ್ವೆಹೆಮ್ ಎಂಬ ವಿಜ್ಞಾನಿ ತೋರಿಸಿದಾಗ ಗೋಲ್ಡ್‌ಬರ್ಗರ್ ತೀರಿಕೊಂಡು ಎಂಟು ವರ್ಷವಾಗಿತ್ತು.

ನಮ್ಮ ಜೋಳದ ಮಾತೇನು? ಹೈದರಾಬಾದಿನ ಪೋಷಣ ಸಂಶೋಧನಾಲಯದ ಗೋಪಾಲನ್ ಮತ್ತು ಶ್ರೀಕಂಟಿಯಾ ಅವರು, ದಖ್ಖನಿನಲ್ಲಿ ಜೋಳವನ್ನೇ ನಂಬಿದ ಬಡವರಲ್ಲಿಯೂ ಪೆಲ್ಲಾಗ್ರ ಇರುವುದನ್ನು 1960ರಲ್ಲಿ ಬರೆದರು. ಜೋಳದಲ್ಲಿರುವ ಲ್ಯೂಸಿನ್ ಎಂಬ ಅಂಶ ಹೆಚ್ಚಾದುದೇ ಕಾರಣವೆಂದು ಅವರ ಅಭಿಪ್ರಾಯ. ಕಾರಣದ ವಿಷಯದಲ್ಲಿ ವಿದ್ವಾಂಸರ ವಾದ ಮುಗಿದಿಲ್ಲ. ಜೋಳ ಒಂದನ್ನೇ ನಂಬಿದವರಿಗೆ ರೋಗ ಬಂದದ್ದಂತೂ ನಿಜ. ಇದರಿಂದ ಜೋಳವನ್ನು ಯಾರೂ ಬಿಡಬೇಕಾಗಿಲ್ಲ. ಊರಿನ ರೊಟ್ಟಿಯ ಬುತ್ತಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿರಿ: ಶೇಂಗಾ ಹಿಂಡಿ, ಝುಣಕ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ, ಕೆನೆಮೊಸರು. ಶೇಂಗಾದಲ್ಲಿ ನಯಾಸಿನ್ ಧಾರಾಳವಾಗಿದೆ. ನಮ್ಮ ಮಿತ್ರರು ಮುಂಬಯಿಗೆ ತಂದದ್ದು ರೊಟ್ಟಿಯನ್ನು. ಉಳಿದುದೆಲ್ಲ ತಾಯಿಯ ಅಡುಗೆಮನೆಯಲ್ಲೇ ಉಳಿಯಿತು. ಅವರ ಬಾಯಿಹುಣ್ಣು ಪೆಲ್ಲಾಗ್ರ ಎಂದು ನಾವು ಹೇಳುತ್ತಿಲ್ಲ, ವೈದ್ಯರೂ ಹಾಗೆ ಹೇಳಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಗೆ ಉತ್ತರ ಈ ದಾರಿಯಲ್ಲೇ ಇದೆ.

ಅಕ್ಕಿಯವರು ನಗಬೇಕಾಗಿಲ್ಲ. 1883ರಲ್ಲಿ ಹಿಂತಿರುಗಿದ ಜಪಾನಿನ ಒಂದು ಯುದ್ಧನೌಕೆಯಲ್ಲಿ ಬಿಳಿ ಅಕ್ಕಿಯ ಊಟವೇ ಮುಖ್ಯವಾಗಿತ್ತು. 376 ಮಂದಿಯಲ್ಲಿ 169 ಮಂದಿಗೆ ಬೆರಿಬೆರಿ ಬಂದು 25 ಮಂದಿ ಸತ್ತರು. ಮರುವರ್ಷ ತಾಕಾಕಿ ಎಂಬ ನೌಕಾವೈದ್ಯರು ಊಟ ಬದಲಿಸಿ ಅದೇ ದಾರಿಯಲ್ಲಿ ಮತ್ತೊಂದು ಹಡಗನ್ನು ಕಳುಹಿಸಿದಾಗ ಒಬ್ಬರೂ ಸಾಯಲಿಲ್ಲ. ಬೆರಿಬೆರಿಯನ್ನು ತಡೆಯುವ ಥಯಾಮಿನ್ ಇರುವುದು ಹೆಚ್ಚಾಗಿ ಅಕ್ಕಿಯ ತೌಡಿನಲ್ಲಿ. ಪಾಲಿಶ್ ಮಾಡಿದರೆ ಹೋಗುತ್ತದೆ. ಭತ್ತವನ್ನು ಬೇಯಿಸಿ ಒಣಗಿಸಿದಾಗ ಅದರ ಒಂದು ಪಾಲು ಕಾಳಿನ ಒಳಕ್ಕೆ ಇಳಿಯುತ್ತದೆ. ಕರಾವಳಿಯ ಕುಚ್ಚಲಕ್ಕಿಯ ಗುಣ ಇದೇ. ಇಲ್ಲಿ ಬಂದು, ಬೇಗ ಬೇಯುತ್ತದೆಂದು ಬೆಳ್ತಿಗೆ ಅಕ್ಕಿ ಹಿಡಿದವರು, ಅದನ್ನೂ ನಾಲ್ಕು ನೀರಿನಲ್ಲಿ ತೊಳೆದು ಗಂಜಿ ಬಸಿದು ಚೆಲ್ಲಿದರೆ ಉಳಿಯುವುದು ಹೊಟ್ಟೆ ತುಂಬುವಷ್ಟು ಮಾತ್ರ.

ಇಷ್ಟು ಓದಿದ ಮೇಲೆ ನಮ್ಮ ಖೋಲಿಯಲ್ಲಿ ಕೆಲವು ಬದಲಾವಣೆಗಳಾಗಿವೆ. ಸುಣ್ಣದ ಪ್ರಯೋಗ ಮಾಡಲು ಹೋಗಿಲ್ಲ. ಯಾರೂ ಹೋಗಬೇಡಿರಿ, ಅಂದಾಜು ತಪ್ಪಿದರೆ ಬಾಯಿ ಸುಡುತ್ತದೆ. ಅನ್ನಕ್ಕೆ ಹಿಡಿಯುವಷ್ಟೇ ನೀರು ಇಡುತ್ತೇವೆ. ಬಸಿಯಲೇಬೇಕಾದರೆ ಆ ಗಂಜಿ ಸಾರಿಗೆ ಹೋಗುತ್ತದೆ. ಉಡುಪಿ ಕಡೆಯವರು ಕುಚ್ಚಲಕ್ಕಿಗೆ ಮರಳಿದ್ದಾರೆ. ಅದು ಬೇಯಲು ಹೊತ್ತಾಗುತ್ತದೆಂದು ರಾತ್ರಿಯೇ ನೆನೆಹಾಕುತ್ತಾರೆ. ಹೆಸರು, ಮಡಕೆ ಕಾಳುಗಳನ್ನು ವಾರಕ್ಕೆ ಮೂರು ಸಲ ಮೊಳಕೆ ಕಟ್ಟುತ್ತೇವೆ. ಸಂಜೆ ಸಂತೆ ಏಳುವ ಹೊತ್ತಿಗೆ ಹೋದರೆ ಮೆಂತ್ಯ, ರಾಜಗಿರಿ ಸೊಪ್ಪು ಅಗ್ಗವಾಗಿ ಸಿಗುತ್ತದೆ. ಹಾಲಿನ ಖರ್ಚು ಮಾತ್ರ ಎಲ್ಲರಿಗೂ ಹೊಂದುತ್ತಿಲ್ಲ. ಅದರ ಚರ್ಚೆ ಇನ್ನೂ ನಡೆದಿದೆ. ಸಂಬಳದ ದಿನ ಎರಡು ಕಿಲೊ ಶೇಂಗಾ ಬರುತ್ತದೆ. ಹುರಿದು ಬೆಳ್ಳುಳ್ಳಿ, ಖಾರದ ಪುಡಿ ಸೇರಿಸಿ ಹಿಂಡಿ ಕುಟ್ಟಿ ಡಬ್ಬಿ ತುಂಬುತ್ತೇವೆ. ಈ ತಿಂಗಳು ಕುಟ್ಟುವ ಸರದಿ ನಮ್ಮದು.