ಹಬ್ಬದ ಉಡುಗೊರೆ: ಬಾಟಲಿಯಲ್ಲಿ ರಾಗಿ ಕೇಕ್ ಹಿಟ್ಟು



ಡಿಸೆಂಬರ್ ಬಂತೆಂದರೆ ನಮ್ಮ ಸಂಘಗಳ ವಾರದ ಸಭೆಯಲ್ಲಿ ಸಾಲ ಕೇಳುವವರು ಹೆಚ್ಚಾಗುತ್ತಾರೆ. ಯಾಕಮ್ಮಾ ಅಂದರೆ "ಹಬ್ಬದ ಖರ್ಚು ಸಿಸ್ಟರ್" ಅಂತಾರೆ. ಬಿಡಿಸಿ ಕೇಳಿದರೆ ಮಕ್ಕಳ ಬಟ್ಟೆಗೆ ಸ್ವಲ್ಪ, ಮಿಕ್ಕಿದ್ದೆಲ್ಲ ಬೀಗರ ಮನೆಗೆ, ನಾದಿನಿ ಮನೆಗೆ, ಮಗುವಿನ ಟೀಚರಿಗೆ ಅಂತ ಬೇಕರಿಯಿಂದ ತರುವ ಸ್ವೀಟ್ ಬಾಕ್ಸಿಗೆ. 2,000 ರೂಪಾಯಿ ಸಾಲ ತೆಗೆದು, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯಂತೆ, ತಿಂಗಳು ತಿಂಗಳು 200 ರೂಪಾಯಿ ಅಸಲು ಕಟ್ಟಿ ತೀರಿಸಿದರೂ ಹತ್ತು ತಿಂಗಳಿಗೆ ಬಡ್ಡಿಯೇ 220 ರೂಪಾಯಿ ಆಗುತ್ತದೆ. ಸ್ವೀಟು ಎರಡು ದಿನಕ್ಕೆ ಖಾಲಿ, ಕಂತು ಮಾತ್ರ ದಸರಾದವರೆಗೂ ಬರುತ್ತದೆ.

ಕೊಡಲೇಬೇಡಿ ಅಂತ ನಾನು ಹೇಳುವುದಿಲ್ಲ. ಕೊಟ್ಟು ತೆಗೆದುಕೊಳ್ಳುವುದು ನೆಂಟಸ್ತನಕ್ಕೆ ಬೇಕೇ ಬೇಕು. ಆದರೆ ಮನೆಯಲ್ಲೇ ಬೆರೆಸಿ, ಕಟ್ಟಿ, ನೆರೆಹೊರೆಗೆ ಹಂಚುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆಯಲ್ಲ? ಸಂಕ್ರಾಂತಿಗೆ ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಕೊಬ್ಬರಿ, ಬೆಲ್ಲ ಬೆರೆಸಿ ಎಳ್ಳು ಬೀರುತ್ತೇವೆ. ಮಂಗಳೂರು ಕಡೆಯ ಕ್ರೈಸ್ತರು ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿಗಳನ್ನು ತಟ್ಟೆಯಲ್ಲಿಟ್ಟು ಅಕ್ಕಪಕ್ಕದ ಮನೆಗಳಿಗೆ ಕಳಿಸುತ್ತಾರೆ. ಅದೇ ದಾರಿಯಲ್ಲಿ ಈ ಸಾರಿ ರಾಗಿ ಕೇಕಿನ ಒಣ ಹಿಟ್ಟನ್ನು ಬಾಟಲಿಗೆ ತುಂಬಿ ಕೊಡೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಎಲ್ಲಿ ಹೋದರೂ ರಾಗಿ ನಮ್ಮದೇ ಬೆಳೆ.

ಅರ್ಧ ಲೀಟರಿನ ಗಾಜಿನ ಬಾಟಲಿಗೆ ಅಳತೆ ಹೀಗೆ. 200 ಮಿಲಿ ಹಿಡಿಯುವ ಲೋಟದಲ್ಲಿ ರಾಗಿ ಹಿಟ್ಟು ಅರ್ಧ ಲೋಟ, ಗೋಧಿ ಹಿಟ್ಟು ಅರ್ಧ ಲೋಟ, ಪುಡಿ ಮಾಡಿದ ಸಕ್ಕರೆ ಮುಕ್ಕಾಲು ಲೋಟ, ಕೋಕೋ ಪುಡಿ ಕಾಲು ಲೋಟ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡ ಅರ್ಧ ಟೀ ಚಮಚ, ಒಂದು ಚಿಟಿಕೆ ಉಪ್ಪು. ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಪೂರ್ತಿ ಆರಿದ ಮೇಲೆ ಗೋಧಿ ಹಿಟ್ಟು, ಬೇಕಿಂಗ್ ಪೌಡರ್, ಸೋಡ, ಉಪ್ಪು ಸೇರಿಸಿ ಮೂರು ಸಾರಿ ಜರಡಿ ಹಿಡಿಯಿರಿ. ಸೋಡ ಒಂದೇ ಕಡೆ ಉಂಡೆಯಾಗಿ ನಿಂತರೆ ಕೇಕ್ ಅಲ್ಲಲ್ಲಿ ಕಹಿಯಾಗುತ್ತದೆ. ಕೆಳಗೆ ಸಕ್ಕರೆ, ಮಧ್ಯೆ ಹಿಟ್ಟು, ಮೇಲೆ ಕೋಕೋ ಹಾಕಿದರೆ ಗಾಜಿನಲ್ಲಿ ಮೂರು ಬಣ್ಣ ಕಾಣುತ್ತದೆ, ನೋಡೋಕೂ ಚೆಂದ.

ಸಕ್ಕರೆ ಬದಲು ಬೆಲ್ಲ ಹಾಕಬಹುದಾ ಅಂತ ನೀವು ಕೇಳೇ ಕೇಳುತ್ತೀರಿ. ಮನೆಯಲ್ಲಿ ಆವತ್ತೇ ಮಾಡುವುದಾದರೆ ಹಾಕಿ. ಬಾಟಲಿಗೆ ಬೇಡ. ಬೆಲ್ಲ ಪಸೆ ಎಳೆಯುತ್ತದೆ, ಪಸೆ ತಗುಲಿದ ಬೇಕಿಂಗ್ ಪೌಡರ್ ಅಲ್ಲೇ ಸತ್ವ ಕಳೆದುಕೊಳ್ಳುತ್ತದೆ, ಆಮೇಲೆ ಕೇಕ್ ಉಬ್ಬುವುದಿಲ್ಲ.

ಪಸೆಯ ವಿಷಯದಲ್ಲಿ ನನಗೇ ಪಾಠವಾಗಿದೆ. ಮೊದಲ ಸಾರಿ ಮಾಡಿದಾಗ ಅವಸರದಲ್ಲಿ ಹಿಟ್ಟು ಬಿಸಿಯಿರುವಾಗಲೇ ಎಂಟು ಬಾಟಲಿ ತುಂಬಿ ಮುಚ್ಚಳ ಹಾಕಿದೆ. ಒಳಗೆ ಹಬೆ ಕೂತು, ವಾರದಲ್ಲಿ ಹಿಟ್ಟು ಗಂಟುಗಟ್ಟಿ ಬೂಸ್ಟು ಬಂತು. ಎಂಟು ಮನೆಗೂ ಹೋಗಿ "ದಯವಿಟ್ಟು ಉಪಯೋಗಿಸಬೇಡಿ" ಅಂತ ವಾಪಸ್ ಕೇಳಿ ತಂದೆ. ಆ ನಾಚಿಕೆ ನಿಮಗೆ ಬೇಡ. ಬಾಟಲಿ ತೊಳೆದು ಒಂದು ದಿನ ಪೂರ್ತಿ ಬಿಸಿಲಿಗಿಡಿ, ಮುಚ್ಚಳವನ್ನೂ ಸಹ. ಉಪ್ಪಿನಕಾಯಿ ಬಾಟಲಿಯ ವಾಸನೆ ಏನು ಮಾಡಿದರೂ ಹೋಗದು, ಅದನ್ನು ಬಿಟ್ಟುಬಿಡಿ. ಬೇಕಿಂಗ್ ಪೌಡರ್ ಹಳೆಯದಾದರೆ ಒಂದು ಚಮಚ ಬಿಸಿ ನೀರಿಗೆ ಹಾಕಿ ನೋಡಿ, ನೊರೆ ಉಕ್ಕದಿದ್ದರೆ ಉಪಯೋಗವಿಲ್ಲ.

ಬಾಟಲಿಗೆ ಒಂದು ಚೀಟಿ ಕಟ್ಟಲೇಬೇಕು. ತುಂಬಿದ ತಾರೀಖು, ಒಳಗೆ ಏನೇನಿದೆ, ಒಂದು ತಿಂಗಳೊಳಗೆ ಉಪಯೋಗಿಸಿ ಅಂತ ಬರೆಯಿರಿ. ಕೆಳಗೆ ಮಾಡುವ ವಿಧಾನ: ಹಿಟ್ಟನ್ನೆಲ್ಲ ಪಾತ್ರೆಗೆ ಸುರಿದು ಚೆನ್ನಾಗಿ ಬೆರೆಸಿ, ಮೊಸರು ಅರ್ಧ ಲೋಟ, ಹಾಲು ಅರ್ಧ ಲೋಟ, ಎಣ್ಣೆ ಲೋಟದ ಮೂರನೇ ಒಂದು ಭಾಗ ಹಾಕಿ ಕಲಸುವುದು. ಓವನ್ ಎಲ್ಲರ ಮನೆಯಲ್ಲಿ ಇಲ್ಲ, ಹಳೆಯ ಕುಕ್ಕರ್ ಸಾಕು. ರಬ್ಬರ್ ಮತ್ತು ವಿಷಲ್ ತೆಗೆದಿಡಬೇಕು, ಇದನ್ನು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ನೀರು ಹಾಕದೆ ತಳಕ್ಕೆ ಉಪ್ಪು ಹರಡಿ, ಹತ್ತು ನಿಮಿಷ ಕಾಯಿಸಿ, ಎಣ್ಣೆ ಸವರಿದ ಪಾತ್ರೆಯಲ್ಲಿ ಹಿಟ್ಟು ಹಾಕಿ ಒಳಗಿಟ್ಟು, ಸಣ್ಣ ಉರಿಯಲ್ಲಿ 35ರಿಂದ 45 ನಿಮಿಷ. ಕಡ್ಡಿ ಚುಚ್ಚಿದರೆ ಅಂಟದೆ ಬರಬೇಕು. ನೀವು ಒಂದು ಸಾರಿ ಮಾಡಿ ತಿಂದು ನೋಡದೆ ಯಾರಿಗೂ ಕೊಡಬೇಡಿ.

ಖರ್ಚು ಬರೆಯುವಾಗ "ರಾಗಿ ನಮ್ಮ ಹೊಲದ್ದು, ಬಿಟ್ಟಿ" ಅನ್ನಬೇಡಿ. 2025-26ರಲ್ಲಿ ರಾಗಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆ ಲೆಕ್ಕದಲ್ಲಿ ಬಾಟಲಿಗೆ ಬೇಕಾಗುವ ಸುಮಾರು 50 ಗ್ರಾಂ ರಾಗಿಗೆ ಎರಡೂವರೆ ರೂಪಾಯಿ. ದುಬಾರಿ ಬೀಳುವುದು ಕೋಕೋ. ಹತ್ತು ಜನ ಸದಸ್ಯರು ಸೇರಿ ಒಟ್ಟಿಗೆ ತಂದು ಹಂಚಿಕೊಳ್ಳಿ, ಬಿಲ್ಲು ಸಂಘದ ಫೈಲಿನಲ್ಲಿರಲಿ.

"ಏನು, ಹಿಟ್ಟು ಕೊಟ್ಟು ಕಳಿಸಿದ್ಲಾ?" ಅಂತ ಬೀಗಿತ್ತಿ ಆಡಿಕೊಂಡರೆ ಅನ್ನುವ ಭಯ ನಿಮಗಿದೆ, ಗೊತ್ತು. ಒಬ್ಬಳೇ ಕೊಟ್ಟರೆ ಆ ಮಾತು ಬರಬಹುದು. ಊರಿನ ಸಂಘದವರೆಲ್ಲ ಈ ವರ್ಷ ಇದನ್ನೇ ಕೊಡುವುದೆಂದು ನಿರ್ಣಯ ಪುಸ್ತಕದಲ್ಲಿ ಬರೆದು ಸಹಿ ಹಾಕಿದರೆ ಯಾರನ್ನು ಆಡಿಕೊಳ್ಳುತ್ತಾರೆ?

ಮಾರಾಟದ ಯೋಚನೆ ಬಂದರೆ ಅದು ಬೇರೆ ವಿಷಯ. ಅದಕ್ಕೆ ಆಹಾರ ಸುರಕ್ಷತಾ ನೋಂದಣಿ ಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲು ವಿಚಾರಿಸಿ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಹೋದ ವರ್ಷ ಉಡುಗೊರೆಗೆ ಎಷ್ಟು ಖರ್ಚು ಮಾಡಿದಿರಿ, ಅದರಲ್ಲಿ ಸಾಲ ಎಷ್ಟು ಎಂದು ಬರೆದುಕೊಂಡು ಬನ್ನಿ. ಜೊತೆಗೆ ಮನೆಯಲ್ಲಿರುವ ಖಾಲಿ ಬಾಟಲಿಗಳನ್ನೂ ತನ್ನಿ.