ಪ್ಯಾಕೆಟ್ ಒಡೆಯುವ ಮೊದಲು: ಆನವಟ್ಟಿಯ ಕಾರ್ಡು ಪ್ರಿಯರಿಗೆ ಎಂಟು ಸೂತ್ರಗಳು

ಆನವಟ್ಟಿಯ ಸ್ಟೇಷನರಿ ಅಂಗಡಿಗಳಲ್ಲಿ ಚಿಪ್ಸ್, ಶಾಂಪೂ ಸರಗಳ ಪಕ್ಕದಲ್ಲೇ ಕ್ರಿಕೆಟ್ ಕಾರ್ಡು, ಕುಸ್ತಿ ಕಾರ್ಡುಗಳ ಪ್ಯಾಕೆಟ್ಟುಗಳೂ ನೇತಾಡುತ್ತಿರುತ್ತವೆ. ಶಾಲೆ ಬಿಡುವ ಹೊತ್ತಿಗೆ ಅಲ್ಲಿ ನಿಂತು ನೋಡಿ: ಮುಷ್ಟಿಯಲ್ಲಿ ಮುದುಡಿದ ನೋಟು, ಕಣ್ಣೆಲ್ಲ ಆ ಸರದ ಮೇಲೆ. ನಾವು ಚಿಕ್ಕವರಿದ್ದಾಗ ಬಿಗ್ ಫನ್ ಬಬಲ್ ಗಮ್ ಜತೆ ಬರುವ ಕ್ರಿಕೆಟ್ ಚಿತ್ರಗಳನ್ನು ನೋಟ್‌ಬುಕ್ಕಿನ ಹಾಳೆಗಳ ನಡುವೆ ಕೂಡಿಡುತ್ತಿದ್ದೆವು. ಈ ಆಸೆ ಕೆಟ್ಟದ್ದಲ್ಲ. ಆದರೆ ಹೋಗುವ ದುಡ್ಡು ಮನೆಯವರ ಮೆಕ್ಕೆಜೋಳ, ಶುಂಠಿ, ಅಡಿಕೆಯ ದುಡ್ಡು. ಹಾಗಾಗಿ ತಿಳಿದು ಕೊಳ್ಳಿ.

1. ಅಂಗಡಿ ಮೆಟ್ಟಿಲು ಹತ್ತುವ ಮೊದಲೇ ಲೆಕ್ಕ ಮುಗಿಸಿ. ತಿಂಗಳಿಗೆ ಇಷ್ಟು ಎಂದು ಮನೆಯಲ್ಲೇ ಗೊತ್ತು ಮಾಡಿಕೊಳ್ಳಿ. "ಇನ್ನೊಂದೇ ಒಂದು" ಎನ್ನುವ ಮಾತು ಬಾಯಿಗೆ ಬಂದ ದಿನ ಆ ತಿಂಗಳ ಖರೀದಿ ಮುಗಿಯಿತು ಎಂದೇ ತಿಳಿಯಿರಿ.

2. ಮುಂಬದಿಯ ಆಟಗಾರನನ್ನು ಬಿಟ್ಟು ಹಿಂಬದಿ ಓದಿ. 2011ರ ಪೊಟ್ಟಣ ನಿಯಮದ ಪ್ರಕಾರ ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ, ಒಳಗೆ ಎಷ್ಟಿದೆ ಎಂಬ ಲೆಕ್ಕ, ತಿಂಗಳು-ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ಅಲ್ಲಿರಬೇಕು. ಬೆಲೆಯ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸಿದ್ದರೆ ವಾಪಸ್ ಕೊಡಿ. ಅಂಗಡಿಯವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ಹೇಳಬಹುದು.

3. ಸೀಲನ್ನು ಬೆಳಕಿಗೆ ಹಿಡಿದು ನೋಡಿ. ಮೇಲೆ, ಕೆಳಗೆ ಗೀರುಗೀರಾಗಿ ಒತ್ತಿದ ಅಂಚು ಇರುತ್ತದೆ. ಆ ಗೀರುಗಳು ಒಂದೇ ಸಮನೆ ಇರಬೇಕು. ಎಲ್ಲೋ ಒಂದು ಕಡೆ ಚಪ್ಪಟೆಯಾಗಿದ್ದರೆ, ಬೆರಳಿಗೆ ಗೋಂದು ಅಂಟಿದರೆ, ಹಿಂಬದಿಯ ಜೋಡಣೆ ಸೊಟ್ಟಗಿದ್ದರೆ ಮುಟ್ಟಬೇಡಿ. ಅಮೆರಿಕದಲ್ಲಿ ಮೊದಲು ಮೇಣದ ಕಾಗದದ ಪ್ಯಾಕೆಟ್ ಬರುತ್ತಿತ್ತು. ಅದನ್ನು ಮೆಲ್ಲಗೆ ಬಿಡಿಸಿ, ಒಳ್ಳೆಯ ಕಾರ್ಡು ತೆಗೆದು, ಬಿಸಿ ತಾಗಿಸಿ ಮತ್ತೆ ಅಂಟಿಸುವವರಿದ್ದರು. 1989ರಲ್ಲಿ ಅಪ್ಪರ್ ಡೆಕ್ ಕಂಪನಿ ಹೊಳೆಯುವ ಫಾಯಿಲ್ ಪ್ಯಾಕೆಟ್ ತಂದದ್ದು ಈ ಮೋಸ ತಡೆಯಲಿಕ್ಕೇ.

4. ಸರದ ತುದಿಯಲ್ಲಿ ಉಳಿದದ್ದು ಬೇಡ. ಎಲ್ಲರೂ ಬಯಸುವ ಹೊಳೆಯುವ ಫಾಯಿಲ್ ಕಾರ್ಡು ಮಾಮೂಲಿ ಕಾರ್ಡಿಗಿಂತ ದಪ್ಪ, ತೂಕವೂ ತುಸು ಹೆಚ್ಚು. ಪ್ಯಾಕೆಟ್ ಹಿಸುಕಿ ನೋಡಿಯೇ ಆರಿಸುವ ಹುಡುಗರಿದ್ದಾರೆ, ಸಣ್ಣ ತಕ್ಕಡಿಯಲ್ಲಿ ತೂಗಿ ಆರಿಸುವವರೂ ಇದ್ದಾರೆ. ಹತ್ತು ಕೈ ಹಿಸುಕಿ ಬಿಟ್ಟ ಪ್ಯಾಕೆಟ್ಟಿನಲ್ಲಿ ಏನು ಉಳಿದಿರುತ್ತದೆ? ಹೊಸ ಬಾಕ್ಸ್ ಯಾವತ್ತು ಬರುತ್ತದೆ ಎಂದು ಅಂಗಡಿಯಣ್ಣನನ್ನು ಕೇಳಿಕೊಂಡು, ಆವತ್ತೇ ಹೋಗಿ.

5. ಎಲ್ಲ ಕಾರ್ಡೂ ಬಂಗಾರದಂತೆ ಹೊಳೆದರೆ ಅದು ನಕಲಿ ಎನ್ನಿ. ಜಾತ್ರೆ ಅಂಗಡಿಗಳಲ್ಲಿ ಸಿಗುವ ಚಿನ್ನದ ಬಣ್ಣದ ಪೋಕೆಮಾನ್ ಕಾರ್ಡುಗಳ ಕಥೆ ಇಷ್ಟೇ. ಅಸಲಿ ಪೋಕೆಮಾನ್ ಕಾರ್ಡಿನ ಅಂಚನ್ನು ಹತ್ತಿರದಿಂದ ನೋಡಿದರೆ ಎರಡು ಬಿಳಿ ಪದರಗಳ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಕಾಣುತ್ತದೆ. ನಕಲಿಯಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಆಡಲಿಕ್ಕೆ ಬೇಕೆಂದರೆ ನಕಲಿಯನ್ನೂ ಕೊಳ್ಳಿ, ಆದರೆ ಅಸಲಿಯ ಬೆಲೆ ಕೊಡಬೇಡಿ.

6. ತೊಂಬತ್ತಕ್ಕೆ ನಿಲ್ಲಿಸಿ. ಈ ಸೂತ್ರವೊಂದನ್ನು ಎಲ್ಲರೂ ನೆನಪಿಡಬೇಕು ಎಂಬುದು ನನ್ನಾಸೆ. ಒಂದು ಸೆಟ್ಟಿನಲ್ಲಿ 100 ಕಾರ್ಡು, ಎಲ್ಲವೂ ಸಮನಾಗಿ ಬೆರೆತಿವೆ ಎಂದಿಟ್ಟುಕೊಳ್ಳಿ. ಮೊದಲ 50 ಬೇರೆ ಬೇರೆ ಕಾರ್ಡು ಕೂಡಲು ಸರಾಸರಿ 69 ಕಾರ್ಡು ಕೊಂಡರೆ ಸಾಕು. 90 ಆಗಲು 226 ಬೇಕು. ಉಳಿದ ಹತ್ತೇ ಹತ್ತಕ್ಕೆ? ಇನ್ನೂ 293! ಕಟ್ಟಕಡೆಯ ಒಂದಕ್ಕೇ ಸರಾಸರಿ 100 ಕಾರ್ಡು. ಅಪರೂಪದ ಕಾರ್ಡುಗಳನ್ನು ಕಡಿಮೆ ಹಾಕಿರುವುದರಿಂದ ನಿಜವಾದ ಪ್ಯಾಕೆಟ್ಟಿನಲ್ಲಿ ಖರ್ಚು ಇದಕ್ಕಿಂತ ಹೆಚ್ಚೇ. ಆದ್ದರಿಂದ ಕೊನೆಯ ಕಾರ್ಡುಗಳನ್ನು ಅಂಗಡಿಯಲ್ಲಿ ಹುಡುಕಬೇಡಿ, ಗೆಳೆಯರ ಜೇಬಿನಲ್ಲಿ ಹುಡುಕಿ. ಡಬಲ್ ಬಂದದ್ದನ್ನೆಲ್ಲ ಬೇರೆ ಕಟ್ಟಿಡಿ, ಬೇಕಾದ ನಂಬರುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಶಿರಾಳಕೊಪ್ಪದ ಅಜ್ಜಿಮನೆಗೋ ಹಾನಗಲ್ಲಿನ ಅತ್ತೆಮನೆಗೋ ಹೊರಟಾಗ ಎರಡನ್ನೂ ಬ್ಯಾಗಿಗೆ ಹಾಕಿಕೊಳ್ಳಿ. ಬೇರೆ ಊರಿನ ಹುಡುಗರ ಹತ್ತಿರ ಬೇರೆಯದೇ ಡಬಲ್‌ಗಳಿರುತ್ತವೆ. ದೊಡ್ಡ ಹುಡುಗರು ಚಿಕ್ಕವರಿಂದ ಒಂದಕ್ಕೆ ಐದು ಕಿತ್ತುಕೊಳ್ಳುವುದನ್ನು ಕಂಡರೆ ಮಾತ್ರ ಹಿರಿಯರು ಸುಮ್ಮನಿರಬೇಡಿ.

7. ಒಡೆಯದೆ ಇಟ್ಟರೆ ಕೋಟಿ ಬರುತ್ತದೆ ಎಂಬ ಮಾತಿಗೆ ಮರುಳಾಗಬೇಡಿ. ಕೆನಡಾದ ರೆಜೈನಾ ಊರಿನ ಮನೆಯೊಂದರಲ್ಲಿ 1979ರ ಓ-ಪೀ-ಚೀ ಕಂಪನಿಯ ಐಸ್ ಹಾಕಿ ಕಾರ್ಡುಗಳ ಪೆಟ್ಟಿಗೆ ಸೀಲು ಸಮೇತ ಸಿಕ್ಕಿತು. ಒಳಗೆ 16 ಬಾಕ್ಸ್, ಹತ್ತು ಸಾವಿರಕ್ಕೂ ಮಿಕ್ಕಿ ಕಾರ್ಡು. 2024ರ ಫೆಬ್ರವರಿಯಲ್ಲಿ ಅದು ಹರಾಜಾದದ್ದು 37.2 ಲಕ್ಷ ಡಾಲರಿಗೆ, ಅಂದರೆ ಸುಮಾರು 31 ಕೋಟಿ ರೂಪಾಯಿಗೆ. ಸುದ್ದಿ ನಿಜ, ಕಾರಣವೂ ಇದೆ. ಮಹಾನ್ ಆಟಗಾರ ವೇಯ್ನ್ ಗ್ರೆಟ್ಜ್ಕಿಯ ಮೊದಲ ವರ್ಷದ ಕಾರ್ಡು ಇದ್ದದ್ದು ಆ ಸೆಟ್ಟಿನಲ್ಲಿ, ಮತ್ತು ಅಂದಿನ ಮಕ್ಕಳು ಪ್ಯಾಕೆಟ್ಟುಗಳನ್ನೆಲ್ಲ ಒಡೆದು ಆಡಿಬಿಟ್ಟಿದ್ದರು. ಅದಾದ ಹತ್ತು ವರ್ಷಕ್ಕೆ ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು, ಜನ ಬೆಲೆ ಬರುತ್ತದೆಂದು ಮನೆ ತುಂಬ ಕೂಡಿಟ್ಟರು. ಆ ಪ್ಯಾಕೆಟ್ಟುಗಳಲ್ಲಿ ಹೆಚ್ಚಿನವನ್ನು ಇವತ್ತಿಗೂ ಕೇಳುವವರು ಕಡಿಮೆ. ಪ್ಯಾಕೆಟ್ ಕೊಂಡಿರಾ, ಒಡೆಯಿರಿ, ಆಡಿ.

8. ಮಳೆಗಾಲಕ್ಕೆ ಮೊದಲೇ ಜಾಗ ನೋಡಿ. ನಮ್ಮ ಅರೆಮಲೆನಾಡಿನ ಥಂಡಿಗೆ ಫಾಯಿಲ್ ಕಾರ್ಡು ಒಂದೇ ವಾರದಲ್ಲಿ ಹಲಸಿನ ಹಪ್ಪಳದ ಹಾಗೆ ಬಾಗುತ್ತದೆ. ಅಟ್ಟ ಬೇಡ, ಗೋಡೆಯ ಗೂಡೂ ಬೇಡ. ರಬ್ಬರ್ ಬ್ಯಾಂಡ್ ಸುತ್ತಿದರೆ ಅಂಚಿಗೆ ಗುಳಿ ಬೀಳುತ್ತದೆ, ಬೇಸಿಗೆಯಲ್ಲಿ ಕರಗಿ ಅಂಟುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣ: ಇಷ್ಟು ಸಾಕು. ಆ ಪೊಟ್ಟಣ ಚಿಕ್ಕ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಇನ್ನೊಂದು ಮಾತು ಅಂಗಡಿಯವರಿಗೆ. ಹೊಸ ಬಾಕ್ಸ್ ಬಂದಾಗ ದಯವಿಟ್ಟು ಶಾಲೆ ಬಿಡುವ ತನಕ ಅದನ್ನು ಒಡೆಯಬೇಡಿ. ಮಕ್ಕಳ ಎದುರಿಗೇ ಒಡೆಯಿರಿ.