ಮಳೆ ತಿಂದ ಹಲಗೆಗೆ ಮರುಜೀವ: ಎಂಟು ಸೂತ್ರಗಳು

ಹೇಮಾವತಿ ಹುಟ್ಟುವ ಜಾವಳಿಯಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಜಗ್ಗುವುದಿಲ್ಲ. ಉಪ್ಪರಿಗೆಯ ಹಲಗೆ ಗೋಡೆ, ಜಗಲಿಯ ಕಂಬ, ಎಸ್ಟೇಟ್ ಬಂಗಲೆಯ ವರಾಂಡ ಎಲ್ಲವೂ ಬೂದಿ ಬಣ್ಣಕ್ಕೆ ತಿರುಗಿ ಪಾಚಿ ಕಟ್ಟುತ್ತವೆ. ‘ಕಿತ್ತು ಹಾಕಿ ಶೀಟ್ ಹೊಡೆಸಿ’ ಎನ್ನುವವರ ಮಾತಿಗೆ ಆತುರಪಡಬೇಡಿ. ಮರವನ್ನು ಕೊಲ್ಲುವುದು ಮಳೆಯಲ್ಲ, ಆರದ ತೇವ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಅಲ್ಲಿ ಬದುಕಿಲ್ಲ. ಕೆಳಗಿನ ಸೂತ್ರಗಳೆಲ್ಲ ಆ ತೇವ ಆರಿಸುವ ದಾರಿಗಳೇ.

1. ಕಾಲ ನೋಡಿ ಕೈ ಹಾಕಿ. ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವ ಮೊದಲಿನ ಬಿಸಿಲು ಈ ಕೆಲಸಕ್ಕೆಂದೇ ಇದೆ. ಮೇ ತಿಂಗಳವರೆಗೆ ತಳ್ಳಿದರೆ ಮಳೆ ನಿಮಗಿಂತ ಮೊದಲು ಬರುತ್ತದೆ.

2. ಚಾಕುವಿನಿಂದ ಚುಚ್ಚಿ ನೋಡಿ. ಬಿಸಿಲು ಮರದ ಲಿಗ್ನಿನ್ ಅಂಶವನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆಯುತ್ತದೆ, ಉಳಿದ ನಾರು ಬೂದಿಯಾಗಿ ಕಾಣುತ್ತದೆ. ಅದು ಮೇಲ್ಪದರದ ಮಾತು ಮಾತ್ರ. ಚಾಕುವಿನ ಮೊನೆ ಗಟ್ಟಿಗೆ ತಾಗಿದರೆ ಹಲಗೆ ಉಳಿಯುತ್ತದೆ. ಬೆಣ್ಣೆಯಂತೆ ಇಳಿದರೆ ಕೊಳೆತಿದೆ.

3. ಕೊಳೆತಷ್ಟನ್ನೇ ಕತ್ತರಿಸಿ. ಹಲಸಿಗೆ ಹಲಸು, ಸಾಗುವಾನಿಗೆ ಸಾಗುವಾನಿ, ನಾರಿನ ದಿಕ್ಕು ಸೇರಿಸಿ ತುಂಡು ಕೂರಿಸಿ. ಹಳೆಯ ಬೀಟೆ ಹಲಗೆಯನ್ನಂತೂ ಎಸೆಯಲೇಬೇಡಿ. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅಂಥ ಹಲಗೆ ಮತ್ತೆ ಸುಲಭಕ್ಕೆ ಸಿಗದು.

4. ತೊಳೆಯಿರಿ, ಸಿಡಿಸಬೇಡಿ. ಕಾರು ತೊಳೆಯುವ ಪ್ರೆಷರ್ ಪೈಪು ನಾರನ್ನೇ ಎಬ್ಬಿಸಿ, ನೀರನ್ನು ಸಂದಿಗೆ ನುಗ್ಗಿಸುತ್ತದೆ. ಸೋಪಿನ ನೀರು, ನಾರಿನ ಬ್ರಷ್ಷು, ನಾರಿನ ದಿಕ್ಕಿಗೇ ಉಜ್ಜುವ ಕೈ ಸಾಕು. ಮೊಳೆಯ ಸುತ್ತಲಿನ ಕಪ್ಪು ಕಲೆಗೆ ಲೀಟರ್ ಬಿಸಿನೀರಿಗೆ ಸುಮಾರು 60 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಹಚ್ಚಿ, ಚೆನ್ನಾಗಿ ತೊಳೆಯಿರಿ. ಅದು ವಿಷ. ಕೈಗವಸು, ಕನ್ನಡಕ, ಪ್ಲಾಸ್ಟಿಕ್ ಬಕೆಟ್ ಕಡ್ಡಾಯ. ಬ್ಲೀಚಿಂಗ್ ಪುಡಿಯ ಜೊತೆ ಎಂದೂ ಬೆರೆಸಬೇಡಿ.

5. ಹಳೆ ಬಣ್ಣವನ್ನು ಒಣಗಿಸಿ ಉಜ್ಜಬೇಡಿ. ಮನೆ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ. ಬರಿ ಮರವಾದರೆ 80, ಆಮೇಲೆ 120 ನಂಬರಿನ ಉಪ್ಪುಕಾಗದ ಸಾಕು. ಕನ್ನಡಿಯಂತೆ ನುಣುಪಾದರೆ ಎಣ್ಣೆ ಹೀರದು.

6. ಒಣಗಿದ ಮೇಲೆಯೇ ಎಣ್ಣೆ. ತೊಳೆದ ಮೇಲೆ ನಾಲ್ಕೈದು ಬಿಸಿಲು ಕಾಯಿರಿ. ಒದ್ದೆ ಮರಕ್ಕೆ ವಾರ್ನಿಷ್ ಬಳಿದರೆ ತೇವವನ್ನು ಒಳಗೇ ಕೂಡಿಹಾಕಿದಂತೆ, ಮುಂದಿನ ಮಳೆಗೆ ಅದು ಸಿಪ್ಪೆ ಏಳುತ್ತದೆ. ಸೂರಿನೊಳಗಿನ ಕಂಬ, ತೊಲೆಗೆ ಅಗಸೆ ಎಣ್ಣೆ ಚೆನ್ನ. ಮಳೆ ಹೊಡೆಯುವ ಹಲಗೆಗೆ ಅದೊಂದೇ ಬೇಡ, ಬೂಷ್ಟಿಗೆ ಅದೇ ಆಹಾರ. ಅಲ್ಲಿಗೆ ಶಿಲೀಂಧ್ರನಾಶಕ ಬೆರೆತ, ಬಣ್ಣವಿರುವ, ಒಳಕ್ಕಿಳಿಯುವ ವುಡ್ ಸ್ಟೇನ್ ಹಚ್ಚಿ. ಆ ಬಣ್ಣವೇ ಬಿಸಿಲಿಗೆ ಕೊಡೆ. ಹಲಗೆಯ ಕೊಯ್ದ ತುದಿಗಳಿಗೆ ಇನ್ನೆರಡು ಕೈ ಹೆಚ್ಚು ಹಚ್ಚಿ, ಮರ ನೀರು ಕುಡಿಯುವ ಬಾಯಿ ಅದೇ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನೇ ಬೆಂಕಿ ಹೊತ್ತೀತು. ನೀರಲ್ಲಿ ಅದ್ದಿಡಿ.

7. ನೀರಿಗೆ ದಾರಿ ಬದಲಿಸಿ. ಕೆಳಗಿನ ಹಲಗೆ ನೆಲದಿಂದ ಒಂದು ಗೇಣು ಮೇಲಿರಲಿ. ಹಲಗೆಗೆ ಒರಗಿಸಿದ ಸೌದೆ ತೆಗೆಯಿರಿ, ಗೆದ್ದಲಿನ ಮಣ್ಣಿನ ದಾರಿ ಆಗ ಕಣ್ಣಿಗೆ ಬೀಳುತ್ತದೆ. ಮಳೆಗೆ ಮುಖ ಮಾಡಿದ ಗೋಡೆಗೆ ಹಿರಿಯರು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅದಕ್ಕಿಂತ ಅಗ್ಗದ ಕವಚ ಇಂದಿಗೂ ಇಲ್ಲ. ಪ್ಲಾಸ್ಟಿಕ್ ಟಾರ್ಪಾಲು ಕಟ್ಟಿದರೆ ಗಾಳಿಯಾಡಲು ಸಂದು ಬಿಡಿ.

8. ವರ್ಷಕ್ಕೊಮ್ಮೆ ಕೇಳಿ. ಮಳೆಗಾಲ ಕಳೆದು ಹಲಗೆ ಆರಿದ ಮೇಲೆ ಒಂದು ಚಮಚ ನೀರು ಚಿಮುಕಿಸಿ. ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿದರೆ ಮುಂದಿನ ವರ್ಷ ನೋಡೋಣ. ಹೀರಿಕೊಂಡರೆ ಮರ ಬಾಯಾರಿದೆ ಎಂದರ್ಥ. ಕೊಯ್ಲು ಮುಗಿದ ಮೊದಲ ಭಾನುವಾರ ಬ್ರಷ್ಷು ಹಿಡಿಯಿರಿ.